ಮಗಳು ತರುವ ಜಪಾನಿ ಬೇಸಿಗೆ ಹಾಡುಗಳು: ಅರ್ಥ ಗೊತ್ತಿಲ್ಲದ ಅಮ್ಮ ಜೊತೆಗೆ ಹಾಡಬಹುದಾ?

ಪ್ರಶ್ನೆ: ನಾವು ಹಾಸನದವರು. ಈಗ ಟೋಕಿಯೋದ ನಿಶಿಕಸಾಯ್ ಹತ್ತಿರ ಇದ್ದೇವೆ. ಮಗಳಿಗೆ ಮೂರೂವರೆ ವರ್ಷ. ಏಪ್ರಿಲ್‌ನಿಂದ ಇಲ್ಲಿನ ಹೊಯಿಕುಎನ್‌ಗೆ, ಅಂದರೆ ಹಗಲಿಡೀ ಮಕ್ಕಳನ್ನು ನೋಡಿಕೊಳ್ಳುವ ಶಿಶುಶಾಲೆಗೆ ಹೋಗುತ್ತಿದ್ದಾಳೆ. ಮಳೆ ಶುರುವಾದಾಗಿನಿಂದ ಬಾಯಲ್ಲಿ ಬರೀ ಜಪಾನಿ ಹಾಡು. ಬಸವನಹುಳು, ಕಪ್ಪೆ, ಸೋಪಿನ ಗುಳ್ಳೆ, ಸಮುದ್ರ. "ಅಮ್ಮ, ನೀನೂ ಹಾಡು" ಅಂತ ಕೈ ಹಿಡಿದು ಎಳೆಯುತ್ತಾಳೆ. ನನ್ನ ಜಪಾನಿ ಅಷ್ಟಕ್ಕಷ್ಟೇ. ತಪ್ಪು ಉಚ್ಚಾರಣೆ ಕಲಿಸಿಬಿಟ್ಟರೆ ಅನ್ನುವ ಭಯಕ್ಕೆ ಯೂಟ್ಯೂಬ್ ಹಾಕಿ ಕೊಡುತ್ತೇನೆ. ಇದರ ಮೇಲೆ ಗೆಳತಿಯೊಬ್ಬರು, ಸೋಪಿನ ಗುಳ್ಳೆಯ ಹಾಡು ಸತ್ತ ಮಗುವಿನ ಬಗ್ಗೆ ಇರುವುದು, ಮನೆಯಲ್ಲಿ ಹಾಡಿಸಬೇಡಿ ಅಂದರು. ಸಮುದ್ರದ ಹಾಡು ಯುದ್ಧಕಾಲದ್ದಂತೆ. ಇನ್ನೊಂದರಲ್ಲಿ ಕತ್ತು ಕತ್ತರಿಸುವ ಮಾತಿದೆಯಂತೆ. ಅತ್ತೆಯವರು ವಿಡಿಯೋ ಕಾಲ್‌ನಲ್ಲಿ "ಹೀಗೇ ಆದರೆ ಮಗು ಕನ್ನಡ ಮರೆತುಬಿಡುತ್ತೆ" ಅನ್ನುತ್ತಾರೆ. ಹಾಡಿಸಲೋ ಬೇಡವೋ? ಹಾಡಿಸುವುದಾದರೆ ಯಾವುದು, ಹೇಗೆ? ಆಗಸ್ಟ್‌ನಲ್ಲಿ ಶಾಲೆಯ ಹಬ್ಬಕ್ಕೆ ಅಪ್ಪ ಅಮ್ಮಂದಿರೂ ಕುಣಿಯಬೇಕಂತೆ, ಅದು ಬೇರೆ.

ಉತ್ತರ:

ಹಾಡಿ. ಅರ್ಧಂಬರ್ಧ ಬಂದರೂ ಹಾಡಿ.

ನಿಮ್ಮ ಪತ್ರದಲ್ಲಿ ನನಗೆ ಕಂಡದ್ದು ಉಚ್ಚಾರಣೆಯ ಚಿಂತೆಯೊಂದೇ ಅಲ್ಲ. ಮಗಳು ನಿಮಗೆ ಗೊತ್ತಿಲ್ಲದ ಒಂದು ಜಾಗಕ್ಕೆ ದಿನಾ ಹೋಗಿ ಬರುತ್ತಿದ್ದಾಳೆ. ಅಲ್ಲಿಂದ ಏನು ಹೊತ್ತು ತರುತ್ತಿದ್ದಾಳೋ ತಿಳಿಯುತ್ತಿಲ್ಲ. ತರುವುದರಲ್ಲಿ ಕೆಟ್ಟದ್ದೇನಾದರೂ ಇದ್ದರೆ? ಹೊಸದು ತುಂಬಿಕೊಂಡು ಮನೆಯದು ಖಾಲಿಯಾದರೆ? ಇಲ್ಲಿನ ಶಿಶುಶಾಲೆಗಳಲ್ಲಿ ಹಾಡು, ತಾಳ, ಆಟ ಹೇಳಿಕೊಡುವುದು ನನ್ನ ಕೆಲಸ. ನಮ್ಮ ಕಡೆಯ ತಾಯಂದಿರು ಈ ಪ್ರಶ್ನೆ ತರುವುದು ಹೆಚ್ಚಾಗಿ ಜೂನ್‌ನಲ್ಲೇ. ಅದಕ್ಕೆ ಕಾರಣವೂ ಇದೆ. ಇಲ್ಲಿ ಮಕ್ಕಳ ಹಾಡು ಋತುವಿನ ಜೊತೆ ಬರುತ್ತದೆ. ತಿಂಗಳ ಶುರುವಿಗೆ ಶಾಲೆಯಿಂದ ಒಂದು ಪತ್ರ ಬರುತ್ತದಲ್ಲ, ಅದರಲ್ಲಿ "ಈ ತಿಂಗಳ ಹಾಡು" ಅಂತ ಒಂದು ಸಾಲು ಇರುತ್ತದೆ, ಹುಡುಕಿ ನೋಡಿ. ಜೂನ್ ಮಳೆಗೆ ಬಸವನಹುಳು, ಕಪ್ಪೆ, ಕೊಡೆ. ಜುಲೈಗೆ ನಕ್ಷತ್ರದ ಹಬ್ಬ, ನೀರಾಟ. ಆಗಸ್ಟ್‌ಗೆ ಸಮುದ್ರ, ಪಟಾಕಿ, ದೆವ್ವ, ಕುಣಿತ. ಏಪ್ರಿಲ್‌ನಲ್ಲಿ ಸೇರಿದ ಮಗುವಿನ ಅಳು ನಿಂತು ಬಾಯಿ ಬಿಡುವ ಹೊತ್ತಿಗೆ ಸರಿಯಾಗಿ ಮಳೆಗಾಲ ಶುರುವಾಗಿರುತ್ತದೆ. ಹಾಗಾಗಿ ಹಾಡೆಲ್ಲ ಒಟ್ಟಿಗೆ ಮನೆಗೆ ನುಗ್ಗಿದಂತೆ ಅನಿಸುತ್ತದೆ.

ಮೊದಲು ಆ ಗುಸುಗುಸು ಮಾತುಗಳು

ಸೋಪಿನ ಗುಳ್ಳೆಯ ಹಾಡಿನ ಹೆಸರು ಶಬೊಂದಮ. ಬರೆದವರು ನೊಗುಚಿ ಉಜೋ, ರಾಗ ಹಾಕಿದವರು ನಕಯಮ ಶಿಂಪೇ. ಗುಳ್ಳೆ ಹಾರುತ್ತದೆ, ಮಾಡಿನ ಎತ್ತರಕ್ಕೆ ಹೋಗಿ ಒಡೆಯುತ್ತದೆ. ಎರಡನೇ ಚರಣದ ಗುಳ್ಳೆ ಹಾರುವುದೇ ಇಲ್ಲ, ಹುಟ್ಟಿದ ಕೂಡಲೇ ಒಡೆದುಹೋಗುತ್ತದೆ. ಗಾಳಿಯೇ ಬೀಸಬೇಡ ಅಂತ ಕೇಳಿಕೊಂಡು ಹಾಡು ಮುಗಿಯುತ್ತದೆ. ನಿಮ್ಮ ಗೆಳತಿ ಕೇಳಿದ ಕತೆ ಹುಟ್ಟಿದ್ದು ಆ ಎರಡನೇ ಚರಣದಿಂದ. ಉಜೋ ಊರೂರು ತಿರುಗುತ್ತಿದ್ದಾಗ ಅವರ ಎಳೆಯ ಮಗಳು ತೀರಿಕೊಂಡಳು, ಆ ದುಃಖದಲ್ಲಿ ಇದನ್ನು ಬರೆದರು ಅನ್ನುವುದು ಆ ಕತೆ. ಇಸವಿ ಇಟ್ಟು ನೋಡಿದರೆ ಇದು ಕೂಡುವುದಿಲ್ಲ. ಪದ್ಯ ಅಚ್ಚಾದದ್ದು 1922ರಲ್ಲಿ, ಮಕ್ಕಳ ಪತ್ರಿಕೆಯೊಂದರಲ್ಲಿ. ರಾಗ ಬಂದದ್ದು ಮರುವರ್ಷ. ಆ ಮಗಳು ಹೋದದ್ದು 1924ರಲ್ಲಿ. ಹಾಗಂತ ಕತೆ ಪೂರ್ತಿ ಗಾಳಿಮಾತು ಅನ್ನುವಂತೆಯೂ ಇಲ್ಲ. 1908ರಲ್ಲಿ ಅವರ ಮೊದಲ ಹೆಣ್ಣುಮಗು ಹುಟ್ಟಿ ಒಂದು ವಾರದಲ್ಲೇ ತೀರಿಕೊಂಡಿತ್ತು. ಅದರ ನೆನಪು ಈ ಸಾಲಿನಲ್ಲಿ ಇದೆ ಎಂದು ಓದುವವರು ಇದ್ದಾರೆ. ಆದರೆ ಇದು ಮಗಳಿಗಾಗಿ ಬರೆದದ್ದು ಎಂದು ಉಜೋ ಹೇಳಿದ ಮಾತು ಸಿಕ್ಕಿಲ್ಲ. ನನ್ನ ಕೇಳಿದರೆ, ಒಬ್ಬ ತಂದೆಯ ನೋವು ಅದರಲ್ಲಿ ಇದ್ದರೂ ಅದು ಅಪಶಕುನ ಅಲ್ಲ. ನೂರು ವರ್ಷದಿಂದ ಇಲ್ಲಿನ ಮಕ್ಕಳೆಲ್ಲ ಅದನ್ನು ಹಾಡುತ್ತಾ ಗುಳ್ಳೆ ಊದಿದ್ದಾರೆ.

ಸಮುದ್ರದ ಹಾಡಿನ ವಿಷಯದಲ್ಲಿ ಗೆಳತಿ ಹೇಳಿದ್ದು ನಿಜ. ಉಮಿ ಅನ್ನುವ ಆ ಹಾಡು ಮೊದಲು ಬಂದದ್ದು 1941ರ ಒಂದನೇ ತರಗತಿಯ ಸರ್ಕಾರಿ ಹಾಡಿನ ಪುಸ್ತಕದಲ್ಲಿ. ಅದೇ ವರ್ಷ ಡಿಸೆಂಬರ್‌ನಲ್ಲಿ ಪೆಸಿಫಿಕ್ ಯುದ್ಧ ಶುರುವಾಯಿತು. ಕೊನೆಯ ಚರಣದಲ್ಲಿ ಹಡಗು ತೇಲಿಬಿಟ್ಟು ಬೇರೆ ದೇಶ ನೋಡುವ ಆಸೆ ಇದೆ. ಆ ಕಾಲದಲ್ಲಿ ಆ ಸಾಲಿಗೆ ಬೇರೆ ಅರ್ಥ ಇದ್ದಿರಬಹುದು ಎಂದು ಅನುಮಾನಪಡುವವರನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ಹಾಡಿನಲ್ಲಿ ಬಂದೂಕಿಲ್ಲ, ಶತ್ರು ಇಲ್ಲ. ಸಮುದ್ರ ಎಷ್ಟು ದೊಡ್ಡದು, ಚಂದ್ರ ಹುಟ್ಟುತ್ತಾನೆ, ಸೂರ್ಯ ಮುಳುಗುತ್ತಾನೆ, ಅಷ್ಟೇ. ಇವತ್ತಿಗೂ ಒಂದನೇ ತರಗತಿಯಲ್ಲಿ ಎಲ್ಲ ಶಾಲೆಗಳೂ ಕಲಿಸಲೇಬೇಕಾದ ನಾಲ್ಕು ಹಾಡುಗಳಲ್ಲಿ ಇದೂ ಒಂದು, ಬಸವನಹುಳುವಿನದ್ದು ಇನ್ನೊಂದು. ನಿಮ್ಮ ಮಗಳು ಇಲ್ಲೇ ಶಾಲೆಗೆ ಸೇರಿದರೆ ಎರಡನ್ನೂ ಮತ್ತೆ ಹಾಡುತ್ತಾಳೆ.

ಕತ್ತು ಕತ್ತರಿಸುವ ಮಾತೂ ನಿಜವೇ. ಅದು ತೆರು ತೆರು ಬೋಜು, 1921ರದ್ದು. ನಾಳೆ ಬಿಸಿಲು ಬರಲಿ ಅಂತ ಬಿಳಿ ಬಟ್ಟೆ ಅಥವಾ ಟಿಶ್ಯೂ ಕಾಗದದ ಗೊಂಬೆ ಕಟ್ಟಿ ಕಿಟಕಿಗೆ ತೂಗುಹಾಕುತ್ತಾರೆ. ಬಿಸಿಲು ಬಂದರೆ ಚಿನ್ನದ ಗಂಟೆ ಕೊಡುತ್ತೇನೆ ಎಂದು ಗೊಂಬೆಗೆ ಆಸೆ ತೋರಿಸುತ್ತದೆ ಹಾಡು. ಕೊನೆಯ ಚರಣದಲ್ಲಿ, ಮಳೆ ಬಂದರೆ ಕತ್ತು ಕಚಕ್ ಅನ್ನಿಸುತ್ತೇನೆ ಅಂತ ಬೆದರಿಕೆ. ಆ ಚರಣವನ್ನು ಹಾಡಿಸದ ಟೀಚರ್‌ಗಳೂ ಇದ್ದಾರೆ. ನಿಮಗೂ ಇಷ್ಟವಿಲ್ಲದಿದ್ದರೆ ಬಿಟ್ಟುಬಿಡಿ, ಹಾಡಿಗೆ ನಷ್ಟವಿಲ್ಲ. ಆದರೆ ಹೆದರಿ ಹಾಡನ್ನೇ ಮುಚ್ಚಿಡಬೇಡಿ. ನಮ್ಮ ಪುಣ್ಯಕೋಟಿಯ ಕತೆಯಲ್ಲಿ ಹುಲಿ ಪ್ರಾಣ ಬಿಡುವುದನ್ನು ಕೇಳಿಯೇ ಅಲ್ವಾ ನಾವೆಲ್ಲ ಬೆಳೆದದ್ದು?

ಇನ್ನೊಂದು ನಿಮ್ಮ ಕಿವಿಗೆ ಬೀಳುವ ಮೊದಲೇ ಹೇಳಿಬಿಡುತ್ತೇನೆ. ಅಮೆಫುರಿ ಅನ್ನುವ ಮಳೆ ಹಾಡಿನ ಮೂರನೇ ಚರಣ ಹಾಡಿದರೆ ದೆವ್ವ ಬರುತ್ತದೆ ಅನ್ನುವ ಪುಕಾರು ಇದೆ. 1925ರ ಹಾಡು, ಕಿತಹರ ಹಕುಶೂ ಬರೆದದ್ದು. ಮೊದಲ ಚರಣ ಎಲ್ಲರಿಗೂ ಗೊತ್ತು: ಮಳೆ ಬಂತು, ಅಮ್ಮ ಕೊಡೆ ತಂದಳು, ನೀರಿನಲ್ಲಿ ಪಚಪಚ ಕುಣಿತ. ಮೂರನೆಯದರಲ್ಲಿ ವಿಲೋ ಮರದ ಬುಡದಲ್ಲಿ ಒಂದು ಮಗು ತೋಯ್ದು ಅಳುತ್ತಾ ನಿಂತಿರುತ್ತದೆ. ಜಪಾನಿನಲ್ಲಿ ದೆವ್ವ ನಿಲ್ಲುವುದು ವಿಲೋ ಮರದ ಕೆಳಗೆ ಅನ್ನುವ ನಂಬಿಕೆ ಹಳೆಯದು. ಮರ, ನೀರು, ಅಳು ಮೂರೂ ಸೇರಿ ಪುಕಾರಾಗಿದೆ. ಮುಂದಕ್ಕೆ ಹಾಡಿದರೆ ಎಲ್ಲ ಸರಿಹೋಗುತ್ತದೆ. ಹುಡುಗ ತನ್ನ ಕೊಡೆಯನ್ನು ಆ ಮಗುವಿಗೆ ಕೊಟ್ಟು, ತಾನು ಅಮ್ಮನ ದೊಡ್ಡ ಕೊಡೆಯೊಳಗೆ ಸೇರಿಕೊಳ್ಳುತ್ತಾನೆ. ಈ ಕಾಲದ ಹಾಡುಗಳಲ್ಲೆಲ್ಲ ನನಗೆ ತುಂಬ ಇಷ್ಟವಾದದ್ದು ಇದು. ಮೊದಲ ಚರಣಕ್ಕೇ ನಿಲ್ಲಿಸಿದರೆ ಅದರ ಅರ್ಧ ಸೊಗಸೇ ಹೋಗುತ್ತದೆ.

ಕಪ್ಪೆ ಹಾಡು ಜಪಾನಿನದ್ದೇ ಅಲ್ಲ, ಜರ್ಮನಿಯಿಂದ ಬಂದ ರಾಗ. ಮಾತು ಮಾತ್ರ ಇಲ್ಲಿನದು. ಕಲ್ಲಂಗಡಿಯ ಹಾಡಿನ ರಾಗ ಅಮೆರಿಕದ ಜನಪದದ್ದು. ಮಕ್ಕಳ ಹಾಡುಗಳು ಹೀಗೆ ಊರೂರು ಸುತ್ತುತ್ತಲೇ ಇರುತ್ತವೆ. ನಿಮ್ಮ ಮನೆಗೂ ಬಂದಿವೆ, ಅಷ್ಟೇ.

ನಿಮ್ಮ ಉಚ್ಚಾರಣೆಯಿಂದ ಏನೂ ಕೆಡುವುದಿಲ್ಲ

ಮಗಳು ದಿನಾ ಎಂಟು ಗಂಟೆ ಜಪಾನಿ ಟೀಚರ್, ಜಪಾನಿ ಮಕ್ಕಳ ನಡುವೆ ಇರುತ್ತಾಳೆ. ಅವಳ ಜಪಾನಿ ಅಲ್ಲಿಂದ ಬರುತ್ತದೆ, ನಿಮ್ಮಿಂದ ಅಲ್ಲ. ಬೆಂಗಳೂರಿನಲ್ಲಿ ತಮಿಳು, ತೆಲುಗು ಮನೆಗಳ ಮಕ್ಕಳು ಬೀದಿಯಲ್ಲಿ ಆಡಿಕೊಂಡೇ ಸ್ವಚ್ಛ ಕನ್ನಡ ಕಲಿಯುವುದನ್ನು ನೋಡಿಲ್ಲವಾ? ಅವರ ಅಮ್ಮಂದಿರ ಕನ್ನಡ ಹೇಗಿತ್ತು ಅಂತ ಯಾರೂ ಕೇಳುವುದಿಲ್ಲ. ನೀವು ತಪ್ಪಿದರೆ ಮಗಳೇ ತಿದ್ದುತ್ತಾಳೆ. ಮೂರೂವರೆ ವರ್ಷದ ಮಗುವಿಗೆ ದೊಡ್ಡವರನ್ನು ತಿದ್ದುವಷ್ಟು ಖುಷಿ ಬೇರೆ ಇಲ್ಲ. ತಿದ್ದಲಿ ಬಿಡಿ. ಮನೆಯಲ್ಲಿ ಅವಳೇ ಟೀಚರ್, ನೀವು ವಿದ್ಯಾರ್ಥಿ.

ನಿಜ ಹೇಳಬೇಕೆಂದರೆ ಕನ್ನಡದವರಿಗೆ ಈ ಹಾಡುಗಳು ಇಂಗ್ಲಿಷ್ ಮಾತಾಡುವವರಿಗಿಂತ ಸಲೀಸು. ಹೈಸ್ಕೂಲಿನಲ್ಲಿ ಲಘು ಗುರು ಹಾಕಿದ್ದು ನೆನಪಿದೆಯಾ? ಜಪಾನಿ ಹಾಡು ನಡೆಯುವುದು ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ. ಶ-ಬೊಂ-ದ-ಮ: ಲಘು, ಗುರು, ಲಘು, ಲಘು. ಐದು ಮಾತ್ರೆ. ಅವರ ಎಣಿಕೆಯಲ್ಲೂ ಐದೇ, ಯಾಕೆಂದರೆ ನಡುವಿನ "ನ್"ಗೆ ಅವರು ಒಂದು ಪೂರ್ತಿ ಎಣಿಕೆ ಕೊಡುತ್ತಾರೆ. ಹ್ರಸ್ವ, ದೀರ್ಘ, ಒತ್ತು ನಮಗೂ ಇವೆ. ಜಾಗ್ರತೆ ಬೇಕಾದದ್ದು ಪದದ ಕೊನೆಯಲ್ಲಿ. ನಾವು ಸುಮ್ನೆ ಎಳೆದುಬಿಡುತ್ತೇವೆ, "ಉಮೀ" ಅಂತ. ಅಲ್ಲಿ ಅದು ಗಿಡ್ಡ. ಒಬಸನ್ ಅಂದರೆ ಅತ್ತೆ, ಚಿಕ್ಕಮ್ಮನ ವಯಸ್ಸಿನವರು. ಒಬಾಸನ್ ಅಂದರೆ ಅಜ್ಜಿ. ಶಾಲೆಯ ಗೇಟಿನಲ್ಲಿ ಎಳೆಯುವ ಮೊದಲು ಯೋಚಿಸಿ!

ನಿಮ್ಮ ಅತ್ತೆಯವರಿಗೆ ಸ್ವಲ್ಪ ಸಂಗೀತ ಬರುವುದಾದರೆ ಮುಂದಿನ ಕಾಲ್‌ನಲ್ಲಿ ಶಬೊಂದಮ ಕೇಳಿಸಿ. ಅದರಲ್ಲಿ ಬರುವ ಸ್ವರಗಳು ಸ ರಿ ಗ ಪ ದ ಅಷ್ಟೇ. ಮ ಇಲ್ಲ, ನಿ ಇಲ್ಲ. ಮೋಹನ ರಾಗದ ಸ್ವರಗಳೇ. ಆ ಕಾಲದ ಜಪಾನಿ ಮಕ್ಕಳ ಹಾಡುಗಳಲ್ಲಿ ಇದೇ ಐದು ಸ್ವರದಲ್ಲಿ ಇರುವುವು ಬೇಕಾದಷ್ಟಿವೆ. ಮೋಹನದ ಗೀತೆ ಕಲಿತವರ ಕಿವಿಗೆ ಅವು ಪರಕೀಯ ಅನಿಸುವುದಿಲ್ಲ. ಅತ್ತೆ ಸರಿಗಮದಲ್ಲಿ, ಮೊಮ್ಮಗಳು ಜಪಾನಿಯಲ್ಲಿ ಹಾಡಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಶ್ರುತಿಯ ಬಗ್ಗೆ ಮಾತ್ರ ಒಂದು ಮಾತು. ಈ ವಯಸ್ಸಿನ ಮಕ್ಕಳಿಗೆ ಆರಾಮಾಗಿ ಬರುವುದು ಹಾರ್ಮೋನಿಯಂನ ಎರಡು ಮನೆಯಿಂದ ಆರು ಮನೆವರೆಗೆ, ಅಷ್ಟೇ. ನಾವು ಹೆಂಗಸರು ಅದಕ್ಕಿಂತ ಕೆಳಗೆ ಗುನುಗುತ್ತೇವೆ. ಮಗು ನಮ್ಮ ಸ್ವರ ಹಿಡಿಯಲಾಗದೆ ಹಾಡುವುದನ್ನು ಬಿಟ್ಟು ಕೂಗುತ್ತದೆ. ಅವಳೇ ಶುರು ಮಾಡಲಿ, ಅವಳ ಶ್ರುತಿಗೆ ನೀವು ಹತ್ತಿ ಹೋಗಿ.

ಯೂಟ್ಯೂಬ್ ಸಾಕಾ ಅಂದರೆ, ಸಾಲದು. ರಾಗ ಕಲಿಯಲು ನೀವು ನೋಡಿ, ಅವಳು ಮಲಗಿದ ಮೇಲೆ. ವಿಡಿಯೋ ಯಾರಿಗೂ ಕಾಯುವುದಿಲ್ಲ. ಮಗು ಎರಡು ಬೆರಳು ಎತ್ತಲು ಒದ್ದಾಡುತ್ತಿರುವಾಗ ಅದು ಮುಂದಿನ ಸಾಲಿಗೆ ಹೋಗಿರುತ್ತದೆ. ಅಮ್ಮ ಕಾಯುತ್ತಾಳೆ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಕೂತು ಪರದೆ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆ ಒಂದು ಗಂಟೆಯನ್ನು ಅಡುಗೆ ಮಾಡುವಾಗಿನ ಆಪತ್ಕಾಲಕ್ಕೆ ಉಳಿಸಿಕೊಳ್ಳಿ, ಹಾಡಿಗೆ ಖರ್ಚು ಮಾಡಬೇಡಿ.

ಆಟ ಹೇಗೆ, ಎಲ್ಲಿ ಹುಷಾರು

ಬಸವನಹುಳುವಿನಿಂದ ಶುರು ಮಾಡಿ. ಒಂದು ಕೈಯಲ್ಲಿ ಎರಡು ಬೆರಳು ಎತ್ತಿದರೆ ಕೊಂಬು. ಅದರ ಮೇಲೆ ಇನ್ನೊಂದು ಕೈ ಮುಷ್ಟಿ ಕಟ್ಟಿ ಇಟ್ಟರೆ ಚಿಪ್ಪು. ಮೂರು ವರ್ಷದ ಮಗುವಿಗೆ ಬರೀ ಎರಡು ಬೆರಳನ್ನು ಬೇರೆ ಮಾಡಿ ನಿಲ್ಲಿಸುವುದೇ ಸಾಹಸ, ಮೂರನೆಯದು ತಾನಾಗಿ ಎದ್ದು ಬರುತ್ತದೆ. ಅದಕ್ಕೇ ಟೀಚರ್‌ಗಳಿಗೆ ಈ ಹಾಡು ಇಷ್ಟ. ಪೆನ್ಸಿಲ್ ಹಿಡಿಯುವ ಬೆರಳುಗಳಿಗೆ ಇದಕ್ಕಿಂತ ಒಳ್ಳೆ ವ್ಯಾಯಾಮ ಬೇಕಿಲ್ಲ. ನಿಜವಾದ ಬಸವನಹುಳುವನ್ನು ಮುಟ್ಟಿದರೆ ಸೋಪು ಹಾಕಿ ಕೈ ತೊಳೆಸಿ, ಅದರ ಮೈಯಲ್ಲಿ ಪರೋಪಜೀವಿಗಳು ಇರಬಹುದು.

ಕಪ್ಪೆ ಹಾಡನ್ನು ಇಲ್ಲಿ ಒಬ್ಬರ ಹಿಂದೆ ಒಬ್ಬರು ಶುರು ಮಾಡಿ ಸುತ್ತಿಸುತ್ತಾರೆ. ಮೂರೂವರೆಗೆ ಅದು ಆಗುವ ಮಾತಲ್ಲ, ಒಂದನೇ ಕ್ಲಾಸಿನವರೇ ತಬ್ಬಿಬ್ಬಾಗುತ್ತಾರೆ. ನೀವು ಹಾಡಿ, ಅವಳು ಕೊನೆಯ ಕಪ್ಪೆ ಸದ್ದು ಮಾತ್ರ ಮಾಡುತ್ತಾ ಕುಪ್ಪಳಿಸಲಿ. ಕೆಳಗಿನ ಮಹಡಿಯವರನ್ನು ನೆನಪಿನಲ್ಲಿ ಇಟ್ಟುಕೊಂಡು, ಹಗಲಲ್ಲಿ.

ಮಿಂಚುಹುಳುವಿನ ಹಾಡು ಹೊತರು ಕೊಯಿ. ಇದು ಯಾರೂ ಬರೆದದ್ದಲ್ಲ, ಬಾಯಿಂದ ಬಾಯಿಗೆ ಬಂದ ಮಕ್ಕಳ ಆಟದ ಹಾಡು. ಆ ಕಡೆಯ ನೀರು ಕಹಿ, ಈ ಕಡೆಯ ನೀರು ಸಿಹಿ, ಬಾ ಬಾ ಅಂತ ಹುಳುವನ್ನು ಕರೆಯುವುದು. ಬೆರಳೆಣಿಕೆಯ ಸ್ವರ, ಮಾತಿಗೂ ಹಾಡಿಗೂ ನಡುವೆ. ಹಾಡಲು ಬರುವುದಿಲ್ಲ ಅನ್ನುವವರೂ ಹಾಡಬಹುದು. ಕೋಣೆ ಕತ್ತಲು ಮಾಡಿ, ಒಂದು ಮೂಲೆ ಕಹಿ, ಒಂದು ಮೂಲೆ ಸಿಹಿ. ಕೈಯಲ್ಲಿ ಸಣ್ಣ ಟಾರ್ಚ್ ಹಿಡಿದ ಮಗಳೇ ಹುಳು. ಸಿಹಿ ಮೂಲೆಯಲ್ಲಿ ನೀವು ಕೂತು ಕರೆಯುತ್ತೀರಿ, ಅವಳು ಬೇಕೆಂದೇ ಕಹಿ ಕಡೆ ಹೋಗಿ ಕಾಡುತ್ತಾಳೆ. ಜೂನ್‌ನಲ್ಲಿ ನಿಜವಾದ ಮಿಂಚುಹುಳು ನೋಡಲು ಹೋದರೆ ಮೊಬೈಲ್ ಬೆಳಕು ಹಾಕಬೇಡಿ. ಅವು ಜೊತೆಗಾರರನ್ನು ಹುಡುಕುವುದೇ ಆ ಮಿನುಗಿನಿಂದ. ಮಲೆನಾಡಿನಲ್ಲೂ ಮಳೆಗೆ ಮುಂಚೆ ಇವನ್ನು ನೋಡಿದವರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದೇ ಇರುತ್ತಾರೆ, ಕೇಳಿ ಮಗಳಿಗೆ ಹೇಳಿ.

ಉಮಿ ಮೂರು ಎಣಿಕೆಯ ಹಾಡು. ತಕಿಟ, ತಕಿಟ. ಹಾಸಿಗೆಯ ದುಪ್ಪಟಿಯ ಎರಡು ತುದಿ ಅವಳಿಗೆ, ಎರಡು ನಿಮಗೆ. ನಡುವೆ ಒಂದು ಚೆಂಡು ಇಟ್ಟು ಅಲೆ ಎಬ್ಬಿಸಿ. ಮಧ್ಯಾಹ್ನ ಹೊರಗೆ ಹೋಗಲಾರದಷ್ಟು ಸೆಕೆ ಇರುವಾಗ ಈ ಆಟ ಕಾಪಾಡುತ್ತದೆ. ಸೆಕೆಯನ್ನು ಹಗುರವಾಗಿ ತಗೊಳ್ಳಬೇಡಿ. "ನಮ್ಮೂರಿನಲ್ಲಿ ನೋಡದ ಬಿಸಿಲಾ" ಅನ್ನುವ ಮಾತು ಟೋಕಿಯೋದಲ್ಲಿ ನಡೆಯುವುದಿಲ್ಲ, ಇಲ್ಲಿ ಬಿಸಿಲಿಗಿಂತ ತೇವ ಜಾಸ್ತಿ. ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಪರಿಸರ ಸಚಿವಾಲಯ ದಿನಾ ಕೊಡುವ ಸೆಕೆಯ ಸೂಚ್ಯಂಕ 31 ದಾಟಿದರೆ ಹೊರಗಿನ ಆಟ ಬಿಟ್ಟುಬಿಡಿ. ಅದು ಸಾಮಾನ್ಯ ಉಷ್ಣಾಂಶ ಅಲ್ಲ, ತೇವ ಮತ್ತು ಬಿಸಿಲಿನ ಝಳ ಸೇರಿಸಿ ಹಾಕುವ ಲೆಕ್ಕ. ಮಗುವಿನ ಮುಖ ನೆಲಕ್ಕೆ ಹತ್ತಿರ ಇರುವುದರಿಂದ ಟಾರು ರಸ್ತೆಯ ಕಾವು ಅವಳಿಗೆ ನಿಮಗಿಂತ ಹೆಚ್ಚು ತಾಗುತ್ತದೆ.

ಗುಳ್ಳೆ ಊದುವಾಗಿನ ಅಪಾಯ ಕತೆಯಲ್ಲಿ ಇಲ್ಲ, ಸ್ಟ್ರಾದಲ್ಲಿ ಇದೆ. ಈ ವಯಸ್ಸಿನಲ್ಲಿ ಸ್ಟ್ರಾ ಅಂದರೆ ಹೀರುವುದು. ಮೊದಲು ಬರೀ ಸ್ಟ್ರಾ ಕೊಟ್ಟು ಕಾಗದದ ಚೂರು ಹಾರಿಸಲು ಹೇಳಿ. ಊದುವುದು ಅಂದರೆ ಏನು ಅಂತ ಅವಳಿಗೆ ಖಾತ್ರಿಯಾದ ಮೇಲೆ ಸೋಪಿನ ನೀರು. ಸ್ಟ್ರಾದ ಮೇಲ್ಭಾಗದಲ್ಲಿ ಕತ್ತರಿಯಿಂದ ಒಂದು ಸಣ್ಣ ತೂತು ಮಾಡಿದರೆ ಹೀರಿದರೂ ನೀರು ಬಾಯಿವರೆಗೆ ಹತ್ತುವುದಿಲ್ಲ. ಇಲ್ಲಿನ ಶಾಲೆಗಳಲ್ಲಿ ಮಾಡುವ ಉಪಾಯ ಇದು. ಅಪ್ಪಿತಪ್ಪಿ ನುಂಗಿದರೆ ಬಾಯಿ ತೊಳೆಸಿ, ಸ್ವಲ್ಪ ನೀರು ಕುಡಿಸಿ. ವಾಂತಿ ಮಾಡಿಸಲು ಹೋಗಬೇಡಿ, ನೊರೆ ಉಸಿರಿನ ದಾರಿಗೆ ಹೋಗಬಹುದು. ಜಾಸ್ತಿ ನುಂಗಿದ್ದರೆ, ಕೆಮ್ಮು, ವಾಂತಿ ಶುರುವಾದರೆ ಡಾಕ್ಟರ ಹತ್ತಿರ ಹೋಗಿ. ಬಾಲ್ಕನಿಯಲ್ಲಿ ಬೇಡ. ಪಕ್ಕದವರ ಒಗೆದ ಬಟ್ಟೆಯ ಮೇಲೆ ಗುಳ್ಳೆ ಒಡೆದರೆ ಅದು ಬೇರೆಯೇ ಹಾಡಾಗುತ್ತದೆ. ಟಬ್ಬಿನಲ್ಲಿ ನೀರಾಟ ಆಡಿಸಿದರೆ ಮುಗಿದ ಕೂಡಲೇ ನೀರು ಚೆಲ್ಲಿ. ಗೇಣುದ್ದ ನೀರಿನಲ್ಲೂ ಮಕ್ಕಳು ಮುಳುಗುತ್ತಾರೆ, ಅದೂ ಸದ್ದಿಲ್ಲದೆ.

ಜುಲೈ 7ರ ತನಬತ ಹಬ್ಬದ ಹಾಡಿಗೆ ಕಷ್ಟದ ಆಟವೇನೂ ಇಲ್ಲ. ಬಿದಿರ ಎಲೆ ಸರಸರ ಅಂತ ಅಲ್ಲಾಡಿದ ಹಾಗೆ ಎರಡೂ ಕೈ ಆಡಿಸಿದರೆ ಸಾಕು. ಆದರೆ ಇದರ ಕತೆಯನ್ನು ನೀವು ಕನ್ನಡದಲ್ಲಿ ಹೇಳಲೇಬೇಕು. ನೇಯುವ ಹುಡುಗಿ, ದನ ಕಾಯುವ ಹುಡುಗ. ಮದುವೆಯಾದ ಮೇಲೆ ಕೆಲಸ ಮರೆತರು, ಅದಕ್ಕೆ ಆಕಾಶದ ನದಿಯ ಆಚೆ ಈಚೆ ಮಾಡಿಬಿಟ್ಟರು. ವರ್ಷಕ್ಕೆ ಒಂದೇ ರಾತ್ರಿ ಭೇಟಿ. ಆ ಇಬ್ಬರೂ ನಮಗೂ ಗೊತ್ತಿರುವ ಚುಕ್ಕಿಗಳೇ: ನೇಯುವ ಹುಡುಗಿ ನಮ್ಮ ಅಭಿಜಿತ್, ದನ ಕಾಯುವವನು ಶ್ರವಣ. ಜುಲೈ 7ರಂದು ಹೆಚ್ಚಾಗಿ ಮೋಡವೇ ಇರುತ್ತದೆ. ಹಬ್ಬ ಮೊದಲು ಹಳೆಯ ಪಂಚಾಂಗದ ಏಳನೇ ತಿಂಗಳಲ್ಲಿ ಇತ್ತು. 1873ರಲ್ಲಿ ಜಪಾನ್ ಇಂಗ್ಲಿಷ್ ಕ್ಯಾಲೆಂಡರಿಗೆ ಬದಲಾದ ಮೇಲೆ ಜುಲೈ 7ಕ್ಕೆ ಬಂದು ಮಳೆಗಾಲದಲ್ಲಿ ಸಿಕ್ಕಿಹಾಕಿಕೊಂಡಿದೆ. ಸೆಂದಾಯ್ ಊರಿನವರು ಈಗಲೂ ಆಗಸ್ಟ್ 6ರಿಂದ 8ರವರೆಗೆ ಮಾಡುತ್ತಾರೆ. ಆಗಸ್ಟ್‌ನ ಒಂದು ರಾತ್ರಿ ಮಗಳನ್ನು ಹೊರಗೆ ಕರೆದುಕೊಂಡು ಹೋಗಿ, ತಲೆ ಎತ್ತಿದರೆ ಎರಡೂ ಕಾಣುತ್ತವೆ. ಬಯಕೆ ಬರೆದು ಬಿದಿರಿಗೆ ಕಟ್ಟುವ ಚೀಟಿ ಮನೆಗೆ ಕೊಟ್ಟು ಕಳಿಸುತ್ತಾರೆ. ಕನ್ನಡದಲ್ಲಿ ಬರೆಯಿರಿ. ಟೀಚರ್ ಖುಷಿಯಿಂದಲೇ ಕಟ್ಟುತ್ತಾರೆ.

ಸುರುಸುರುಬತ್ತಿಯ ಕಾಲದಲ್ಲಿ ಪಟಾಕಿ ಹಾಡು ಹಾಡುತ್ತಾ ಮೇಲೆ ಹಾರುವುದು ಮನೆಯೊಳಗೆ ಇರಲಿ, ನಿಜವಾದ ಬತ್ತಿ ಕೈಯಲ್ಲಿ ಇರುವಾಗ ಹಾಡೂ ಬೇಡ, ಕುಣಿತವೂ ಬೇಡ. ದೀಪಾವಳಿಯ ಎಚ್ಚರಿಕೆಗಳೇ ಇಲ್ಲಿಗೂ: ಪಕ್ಕದಲ್ಲಿ ಬಕೆಟ್ ನೀರು, ಕಾಲಿಗೆ ಚಪ್ಪಲಿ ಬದಲು ಶೂ, ತೂಗಾಡುವ ತೋಳಿನ ಬಟ್ಟೆ ಬೇಡ.

ಕನ್ನಡ ಮರೆಯುತ್ತಾಳಾ?

ಅತ್ತೆಯವರ ಭಯ ಸುಳ್ಳಲ್ಲ. ಅವರು ಬೆರಳು ತೋರಿಸುತ್ತಿರುವ ಜಾಗ ಮಾತ್ರ ಬೇರೆ. ಹಾಡಿನಿಂದ ಕನ್ನಡ ಹೋಗುವುದಿಲ್ಲ. ಮನೆಯಲ್ಲಿ ಕನ್ನಡದ ಮಾತು ಕಡಿಮೆಯಾದರೆ ಹೋಗುತ್ತದೆ. ಮಗು ಜಪಾನಿಯಲ್ಲಿ ಕೇಳಿದಾಗ, ಪಾಪ ಅರ್ಥವಾಗಲಿ ಅಂತ ನೀವು ಹರಕುಮುರುಕು ಜಪಾನಿಯಲ್ಲೋ ಇಂಗ್ಲಿಷ್‌ನಲ್ಲೋ ಉತ್ತರ ಕೊಡಲು ಶುರು ಮಾಡುತ್ತೀರಲ್ಲ, ಅಲ್ಲಿಂದ ಜಾರುತ್ತದೆ. ಒಂದನೇ ಕ್ಲಾಸಿಗೆ ಸೇರಿದ ಮೇಲೆ ಅದು ಇನ್ನೂ ಜೋರು. ಒಂದೇ ವಾಕ್ಯದಲ್ಲಿ ಎರಡು ಭಾಷೆ ಕಲಸಿದರೆ ಗಾಬರಿ ಬೇಡ, ಎರಡು ಭಾಷೆಯ ಮಕ್ಕಳೆಲ್ಲ ಹಾಗೆ ಮಾಡುತ್ತಾರೆ. ಯಾವ ಭಾಷೆಯಲ್ಲೂ ಎರಡು ಮೂರು ಪದ ಜೋಡಿಸಿ ಮಾತಾಡದಿದ್ದರೆ, ಹಿಂದಿನಿಂದ ಕರೆದರೆ ತಿರುಗದಿದ್ದರೆ ಅದು ಬೇರೆ ವಿಷಯ. ವಾರ್ಡ್ ಕಚೇರಿಯಿಂದ ಮೂರು ವರ್ಷದ ತಪಾಸಣೆಗೆ ಕರೆಯುತ್ತಾರೆ, ಅಲ್ಲಿ ಹೇಳಿ. ನೀವು ಬರೆದದ್ದನ್ನು ನೋಡಿದರೆ ನಿಮ್ಮ ಮಗಳಿಗೆ ಅದರ ಅಗತ್ಯ ಕಾಣುವುದಿಲ್ಲ.

ನಾನು ಹೇಳುವ ದಾರಿ ಇದು: ಹಾಡು ಜಪಾನಿಯಲ್ಲಿ, ಮಾತು ಕನ್ನಡದಲ್ಲಿ. ಹಾಡನ್ನು ಕನ್ನಡಕ್ಕೆ ತಿರುಗಿಸಿ ಅದೇ ರಾಗಕ್ಕೆ ಕೂರಿಸಲು ಹೋಗಬೇಡಿ, ಎರಡೂ ಕೆಡುತ್ತವೆ. ಹಾಡು ಮುಗಿದ ಮೇಲೆ ಕೇಳಿ: ಆ ಮಗು ಯಾಕೆ ಅಳ್ತಿತ್ತು? ಕೊಡೆ ಯಾರು ಕೊಟ್ಟರು? ನೀನಾಗಿದ್ದರೆ ಕೊಡ್ತಿದ್ದೆಯಾ? ಮೂರೂವರೆ ವರ್ಷದವಳು ಇದಕ್ಕೆ ಕನ್ನಡದಲ್ಲಿ ಉತ್ತರ ಕೊಡಲು ಒದ್ದಾಡುತ್ತಾಳಲ್ಲ, ಭಾಷೆ ಬೆಳೆಯುವುದು ಆ ಒದ್ದಾಟದಲ್ಲಿ. ಆಮೇಲೆ ನಿಮ್ಮದೊಂದು ಹಾಡು. ಅವಳು ತೆರು ತೆರು ಬೋಜು ಕಟ್ಟಿ ಮಳೆ ನಿಲ್ಲಲಿ ಅಂತ ಹಾಡಿದರೆ, ನೀವು ಬಾರೋ ಬಾರೋ ಮಳೆರಾಯ ಹಾಡಿ. ಒಬ್ಬರು ಮಳೆ ಬೇಡ ಅನ್ನುವುದು, ಇನ್ನೊಬ್ಬರು ಬಾ ಅನ್ನುವುದು. ಮಕ್ಕಳಿಗೆ ಇಂಥ ಜಗಳ ತುಂಬ ಇಷ್ಟ.

ಬೇರೆ ದಾರಿಗಳೂ ಇವೆ. ಮನೆಯಲ್ಲಿ ಕನ್ನಡ ಹಾಡು ಮಾತ್ರ ಅಂತ ಕಟ್ಟುನಿಟ್ಟು ಮಾಡುವವರಿದ್ದಾರೆ. ಕೆಲವು ಮನೆಗಳಲ್ಲಿ ನಡೆದಿದೆ, ಆದರೆ ಮಗುವಿಗೆ ಕನ್ನಡ ಅಂದರೆ "ಬೇಡ" ಅನ್ನುವ ಭಾಷೆ ಅನಿಸಿಬಿಡುವ ಅಪಾಯ ಇದೆ. ಎಲ್ಲವನ್ನೂ ಶಾಲೆಗೆ ಬಿಟ್ಟು ತಾವು ಸುಮ್ಮನಿರುವವರೂ ಇದ್ದಾರೆ. ಅದರಿಂದ ಜಪಾನಿಗೆ ಏನೂ ನಷ್ಟವಿಲ್ಲ, ನಷ್ಟವಾಗುವುದು ಅಮ್ಮನಿಗೆ. ಆರು ವರ್ಷದ ಹೊತ್ತಿಗೆ ಮಗು "ಅಮ್ಮಂಗೆ ಇದೆಲ್ಲ ಗೊತ್ತಾಗಲ್ಲ" ಅಂತ ಹೇಳುವುದನ್ನೇ ನಿಲ್ಲಿಸುತ್ತದೆ. ಕೇಳಿಸಿಕೊಳ್ಳಲು ಕಷ್ಟವಾದರೂ ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಇನ್ನು ಆಗಸ್ಟ್‌ನ ಕುಣಿತ. ಅದು ಬೊನ್ ಒದೊರಿ. ಒಬೊನ್ ಅಂದರೆ ತೀರಿಹೋದ ಹಿರಿಯರು ಮನೆಗೆ ಬಂದು ಹೋಗುವ ದಿನಗಳು. ಪಿತೃಗಳ ಕಾಲದಲ್ಲಿ ಕುಣಿತವಾ ಅಂತ ಅತ್ತೆ ಕೇಳಿದರೆ, ಬಂದ ಹಿರಿಯರ ಎದುರು ಖುಷಿಯಾಗಿ ಇರಬೇಕು ಅನ್ನುವುದು ಇವರ ಪದ್ಧತಿ ಅಂತ ಹೇಳಿ. ಶಾಲೆಗಳಲ್ಲಿ ತಂಕೋ ಬುಶಿ ಹಾಕಿಯೇ ಹಾಕುತ್ತಾರೆ. ಅದು ಫುಕುವೊಕದ ಕಲ್ಲಿದ್ದಲ ಗಣಿಯವರ ಹಾಡು, ಕುಣಿತದ ಹೆಜ್ಜೆಗಳೆಲ್ಲ ಗಣಿಯ ಕೆಲಸಗಳೇ. ಅಗೆ, ಅಗೆ, ಹೆಗಲಿಗೆ ಹಾಕು, ಹಿಂದೆ ಸರಿದು ಚಂದ್ರನನ್ನು ನೋಡು, ಗಾಡಿ ತಳ್ಳು, ತಳ್ಳು, ಕೈ ಬಿಡಿಸಿ ಚಪ್ಪಾಳೆ. ಇಷ್ಟನ್ನೇ ಕನ್ನಡದಲ್ಲಿ ಹೇಳಿಕೊಂಡು ಮನೆಯಲ್ಲಿ ಅಭ್ಯಾಸ ಮಾಡಿ, ನಿಮ್ಮ ಯಜಮಾನರಿಗೂ ಬಂದುಬಿಡುತ್ತದೆ. ದೊಡ್ಡ ವೃತ್ತದಲ್ಲಿ ಮುಂದಿನವರ ಕೈ ನೋಡಿಕೊಂಡು ಹೋದರೆ ಸಾಕು. ತಪ್ಪುವವರೇ ಹೆಚ್ಚು. ಯುಕತ, ಅಂದರೆ ಬೇಸಿಗೆಯಲ್ಲಿ ಉಡುವ ತೆಳು ಕಿಮೊನೊ, ಉಡುವುದಾದರೆ ಎಡಗಡೆಯ ಸೆರಗು ಮೇಲೆ ಬರಬೇಕು. ಬಲಗಡೆಯದು ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ರೀತಿ, ಗೇಟಿನಲ್ಲೇ ಯಾರಾದರೂ ಅಜ್ಜಿ ಹಿಡಿದು ಸರಿಮಾಡುತ್ತಾರೆ. ಸೀರೆ ಉಟ್ಟುಕೊಂಡು ಹೋದರೂ ನಡೆಯುತ್ತದೆ, ಗಾಡಿ ತಳ್ಳುವ ಹೆಜ್ಜೆಗೆ ನೆರಿಗೆ ಸ್ವಲ್ಪ ಎತ್ತಿ ಕಟ್ಟಿಕೊಳ್ಳಿ. ಯಾವ ಯಾವ ಹಾಡು ಹಾಕುತ್ತಾರೆ ಅಂತ ಟೀಚರ್ ಹತ್ತಿರ ಜುಲೈ ಮಧ್ಯದಲ್ಲೇ ಕೇಳಿ ಬರೆಸಿಕೊಳ್ಳಿ.